ಜಾಲರಿ ಗಾಡಿಯ ದನಿ

ತೈನಾನ್
7 ಮಾರ್ಚ್ 2016

ಲಾಯ್ ಕುವೋಲುಂಗ್‌ಗೆ,

ಇದು ಅಂಚೆ ಕಚೇರಿಯ ಸಾಕ್ಷಿ ಪತ್ರ. ಅವರ ಚೌಕ ಗೆರೆಯ ಹಾಳೆಯಲ್ಲಿ ಮೂರು ಪ್ರತಿ ಬರೆದಿದ್ದೇನೆ. ಒಂದು ನಿನಗೆ, ಒಂದು ನನಗೆ, ಒಂದು ಅಂಚೆಯವರ ಕಪಾಟಿಗೆ. ನಾಳೆ ಕೋರ್ಟಿನಲ್ಲಿ ನಿಂತು ನನಗೆ ಯಾವ ಕಾಗದವೂ ಬಂದಿಲ್ಲ ಎನ್ನಲು ನಿನಗೆ ದಾರಿ ಇರಬಾರದು. ಕೌಂಟರಿನ ಹುಡುಗಿ ನನ್ನ ಮೊದಲ ಪ್ರತಿ ಓದಿ, "ಅಕ್ಕ, ಚೌಕಕ್ಕೆ ಒಂದೇ ಅಕ್ಷರ. ಬೈಗುಳ ಎಲ್ಲಾ ಹೊಡೆದುಹಾಕಿ, ಹಾಳೆ ಉಳಿಯತ್ತೆ" ಎಂದಳು. ಹಾಗಾಗಿ ಬೈಗುಳ ಬಿಟ್ಟು ಬರೆದಿದ್ದೇನೆ. ಎಷ್ಟು ಬಿಟ್ಟಿದ್ದೇನೆಂದು ನೀನೇ ಅಂದಾಜು ಮಾಡಿಕೋ.

ಒಂದು. ಹೋದ ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಮತ್ತೆ ಶುಕ್ರವಾರ ಅದೇ ಹೊತ್ತಿಗೆ, ನೀನು ನಿನ್ನ ಜಾಲರಿ ಗಾಡಿ ಓಡಿಸಿಕೊಂಡು ನಾನು ಕೆಲಸ ಮಾಡುವ ಓಣಿಗೆ ಬಂದೆ. ಗಾಡಿ ನನಗೆ ಕಾಣಲಿಲ್ಲ. ಮೀನುಗಂಜಿ ಅಂಗಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು ಹೂಮೀನಿನ ಮುಳ್ಳು ಕೀಳುತ್ತಿದ್ದೆ. ಕೇಳಿಸಿತು. "ಕಿಟಕಿ ಜಾಲರಿ ರಿಪೇರೀ... ಒಡೆದ ಗಾಜು ಹಾಕ್ತೀವೀ... ಸೊಳ್ಳೆ ಬರ್ತಿದ್ರೆ ಜಾಲರಿ ಕೆಳಗೆ ತನ್ನೀ..." ನನ್ನದೇ ದನಿ. ನಿನ್ನ ಗಾಡಿಗೆಂದು ಇಪ್ಪತ್ತೆರಡನೇ ವಯಸ್ಸಿನಲ್ಲಿ ರೆಕಾರ್ಡು ಮಾಡಿಕೊಟ್ಟ ದನಿ. ಅದು ನಿನ್ನ ಹತ್ತಿರವಲ್ಲದೆ ಇನ್ನಾರ ಹತ್ತಿರ ಇದೆ?

ಎರಡು. ವಿಚ್ಛೇದನದ ಕಾಗದಕ್ಕೆ ಸಹಿಯ ಮೊಹರು ಒತ್ತಿದ ದಿನ, ಇಬ್ಬರು ಸಾಕ್ಷಿಗಳ ಮುಂದೆ, ನೀನು ಹೊಸ ವರ್ಷದೊಳಗೆ ಆ ಧ್ವನಿಮುದ್ರಣ ಅಳಿಸುತ್ತೇನೆ ಎಂದಿದ್ದೆ. ಅದಾದ ಮೇಲೆ ಎರಡು ಹೊಸ ವರ್ಷ ಬಂದು ಹೋದವು.

ಮೂರು. ಆ ದನಿ ಯಾಕೆ ಬೇಡ ಎಂದು ನಿನಗೆ ಗೊತ್ತಿದೆ, ಆದರೂ ಅಂಚೆಯವರ ಪ್ರತಿಯಲ್ಲಿ ಇರಲಿ. ನಾವು ಜಗಳವಾಡುವಾಗ ನೀನು ಕೈ ಎತ್ತಲಿಲ್ಲ, ಒಪ್ಪುತ್ತೇನೆ. ನಾನು ಬಾಯಿ ತೆರೆದ ತಕ್ಷಣ ನೀನು ಗಾಡಿಯ ಸ್ಪೀಕರು ಹಾಕಿ, ಗುಂಡಿ ಕೊನೆಯವರೆಗೆ ತಿರುಗಿಸಿಬಿಡುತ್ತಿದ್ದೆ. ನನ್ನ ಮಾತು ನನ್ನದೇ ದನಿಯಲ್ಲಿ ಮುಚ್ಚಿಹೋಗುತ್ತಿತ್ತು. ಇಡೀ ಸಾಂಚುಂಗ್ ಓಣಿ ನಾನು ಗಾಜು ಹಾಕುತ್ತೇನೆಂದು ಕೇಳಿಸಿಕೊಳ್ಳುತ್ತಿತ್ತು. ನಾನು ಅಳುತ್ತಿದ್ದದ್ದು ಯಾರಿಗೂ ಕೇಳಿಸಲಿಲ್ಲ.

ಇನ್ನೊಮ್ಮೆ ಈ ಓಣಿಗೆ ಬಂದರೆ ಕಾಗದ ಬರೆಯುವುದಿಲ್ಲ.

ತು ಪೇಯುನ್

---

ಸಾಂಚುಂಗ್
12 ಮಾರ್ಚ್ 2016

ತು ಪೇಯುನ್ ಮಹಾರಾಣಿಯವರಿಗೆ,

ನಿನ್ನ ಸಾಕ್ಷಿ ಪತ್ರ ತಲುಪಿತು. ನನಗಿಂತ ಮೊದಲು ಓಣಿಗೆ ತಲುಪಿತು. ಅಂಚೆಯವನು ಕೆಳಗೆ ನಿಂತು, "ಲಾಯ್ ಕುವೋಲುಂಗ್! ಸಾಕ್ಷಿ ಪತ್ರ ಬಂದಿದೆ! ಮೊಹರು ತಗೊಂಡು ಇಳೀ!" ಎಂದು ಕೂಗಿದ. ಐದೂ ಮಹಡಿಯ ಕಿಟಕಿ ತೆರೆದವು. ಎದುರು ಮನೆಯ ಚಿಯೆನ್ ಅಜ್ಜಿ ಮೇಲಿನಿಂದಲೇ, "ಯಾರಿಗೆ ಮೋಸ ಮಾಡಿದ್ಯೋ ಆ-ಲುಂಗ್?" ಎಂದು ಕೇಳಿದಳು. ಚಪ್ಪಲಿ ಹಾಕಿಕೊಂಡು ಕೆಳಗೆ ಇಳಿಯುವಷ್ಟರಲ್ಲಿ ನಾನು ದಿವಾಳಿ ಎದ್ದವನಾಗಿದ್ದೆ, ಇನ್ಯಾರ ಹೆಂಡತಿಯನ್ನೋ ಓಡಿಸಿಕೊಂಡು ಹೋದವನೂ ಆಗಿದ್ದೆ. ಸಂತೋಷವಾಯಿತಾ?

ಮುನ್ನೂರು ಕಿಲೋಮೀಟರು ದಾಟಿ ನಾನು ತೈನಾನ್‌ಗೆ ಬಂದಿಲ್ಲ. ಆ ಮಂಗಳವಾರ ನಾನು ಸೇತುವೆ ಆಚೆಯ ಮಾರುಕಟ್ಟೆಯ ಹಿಂದೆ ಹನ್ನೊಂದು ಜಾಲರಿ ಕಟ್ಟಿದ್ದೇನೆ, ಬೇಕಾದರೆ ಹನ್ನೊಂದು ಮನೆಯವರ ಮೊಹರು ಒತ್ತಿಸಿ ಕಳಿಸುತ್ತೇನೆ. ನಿನ್ನ ಕಿವಿಗೆ ಏನೋ ಆಗಿದೆ. ಮೀನಿನ ವಾಸನೆ ಕಿವಿಗೂ ಹತ್ತುತ್ತದೆಯೋ ಏನೋ.

ಅಳಿಸಲಿಲ್ಲ, ಅದು ನಿಜ. ಯಾಕೆ ಅಳಿಸಲಿ? ನಾನು ಹತ್ತನೇ ಕ್ಲಾಸು ಮುಗಿಸಿ ಬೆಂಚು ಬಿಟ್ಟವನು. ಒಂದು ಕಡೆ ಕೂತು ಮಾಡುವ ಕೆಲಸ ನನ್ನಿಂದ ಆಗಲ್ಲ ಎಂದು ನಿನಗೇ ಗೊತ್ತು. ಈ ಗಾಡಿ ಬಿಟ್ಟರೆ ನನಗೆ ಇನ್ನೇನೂ ಇಲ್ಲ. ಗಾಡಿಯಲ್ಲಿ ಏನಿದೆ? ಒಂದು ಸುತ್ತು ಜಾಲರಿ, ಒಂದು ಗಾಜು ಕೊಯ್ಯುವ ಚಾಕು, ಆಮೇಲೆ ಆ ದನಿ. ದನಿ ತಿರುವಿಗೆ ಬಂದರೆ ಸಾಕು, ಮೂರನೇ ಮಹಡಿಯವರು ಹರಿದ ಜಾಲರಿಯನ್ನು ಹಗ್ಗಕ್ಕೆ ಕಟ್ಟಿ ಇಳಿಸುತ್ತಾರೆ. ಚಿಯೆನ್ ಅಜ್ಜಿ ಅದು ಕೇಳಿದ ಮೇಲೆಯೇ ಮಧ್ಯಾಹ್ನದ ನಿದ್ದೆಯಿಂದ ಏಳುವುದು. "ನಿನ್ನ ಹೆಂಡ್ತಿ ಬಂದ್ಲು, ಹಿಂದೆ ನೀನೂ ಬಂದೆ" ಎನ್ನುತ್ತಾಳೆ. ನೀನು ಬಿಟ್ಟು ಹೋದದ್ದು ಅವಳಿಗೆ ಹೇಳಿಲ್ಲ. ಹೇಳಿದರೆ ನನ್ನ ಕೆಲಸವೇ ಹೋಗುತ್ತದೆ.

ನೀನು ಹೋಗುವಾಗ ಅನ್ನದ ಕುಕ್ಕರು ತಗೊಂಡೆ, ಫ್ಯಾನು ತಗೊಂಡೆ. ದನಿ ಬಿಟ್ಟು ಹೋದೆ. ಬಿಟ್ಟು ಹೋದದ್ದು ಬಿಟ್ಟು ಹೋದಂತೆಯೇ.

ಕುವೋಲುಂಗ್

---

ತೈನಾನ್
29 ಮಾರ್ಚ್ 2016

ಕುವೋಲುಂಗ್,

ಈ ಸಲ ಸಾದಾ ಕಾಗದ. ಚೌಕದಲ್ಲಿ ಹಿಡಿಸುವಂಥ ಮಾತಲ್ಲ ಇದು.

ನಿನ್ನ ಪತ್ರ ಬಂತು. ನಾನು ನಂಬಲಿಲ್ಲ. ಅಂಗಡಿಯ ಯಜಮಾನಿ ಛಾಯ್ ದೊಡ್ಡಮ್ಮನೂ ನಂಬಲಿಲ್ಲ. "ಬಂದಿಲ್ಲ ಅಂತ ಬರೆದಿದಾನಾ? ಬಂದವರೆಲ್ಲಾ ಹಾಗೇ ಬರೆಯೋದು" ಎಂದು ತನ್ನ ಮಗ ಆ-ಕುನ್‌ನನ್ನು ಕಾವಲಿಗೆ ಕೂರಿಸಿದಳು. ಹೋದ ಶುಕ್ರವಾರ ಮೂರು ಗಂಟೆಗೆ ದನಿ ಕೇಳಿಸಿತು. ಆ-ಕುನ್ ಗಂಜಿ ಕಲಕುವ ಕಬ್ಬಿಣದ ಸೌಟು ಹಿಡಿದು ರಸ್ತೆಗೆ ಇಳಿದ. ಮೀನು ಕೊಡುವವರಿಬ್ಬರು ಅವನ ಹಿಂದೆ ಹೋದರು.

"ಇಳಿಯೋ ಕೆಳಗೆ! ಬಿಟ್ಟು ಹೋದ ಹೆಂಗಸಿನ ಹಿಂದೆ ಬೀಳ್ತೀಯಾ? ನಾಚಿಕೆ ಇಲ್ವಾ?"

ಗಾಡಿಯವನು ಗಾಜು ಇಳಿಸಿ, "ಯಾರಪ್ಪ ನೀವು? ಜಾಲರಿ ಎಲ್ಲಿದೆ?" ಎಂದ. ಆ-ಕುನ್ ಗಾಡಿಯ ನೆತ್ತಿಯ ಮೇಲಿನ ಸ್ಪೀಕರಿಗೆ ಸೌಟಿನಿಂದ ಎರಡು ಬಾರಿಸಿದ. ಅದು ನೆಗ್ಗಿತು. ಆದರೂ ನಿಲ್ಲಲಿಲ್ಲ. ಬಾತುಕೋಳಿ ಕೂಗಿದ ಹಾಗೆ "ಗಾಜು ಹಾಕ್ತೀವೀ" ಎನ್ನುತ್ತಲೇ ಇತ್ತು. ಓಣಿಯವರೆಲ್ಲ ಹೊರಗೆ ಬಂದರು. ಒಬ್ಬ ಆ ಗಾಡಿಯವನ ಕೊರಳಪಟ್ಟಿ ಹಿಡಿದು ಎಳೆದು ರಸ್ತೆಗೆ ಬೀಳಿಸಿದ. ಆಗ ನಾನು ಹೋದೆ.

ಎಪ್ಪತ್ತು ವರ್ಷದ ಮುದುಕ. ಟೋಪಿ, ಮಾಸ್ಕು, ಬಿಸಿಲಿಗೆ ತೊಡುವ ಹೂವಿನ ಚಿತ್ರದ ತೋಳುಗವುಸು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಬಿಡ್ರೋ! ಇವನಲ್ಲ!" ಎಂದು ಕಿರುಚಿದೆ.

ಮುದುಕ ನೋವು ಮರೆತು ನನ್ನನ್ನೇ ನೋಡಿದ. "ಇನ್ನೊಂದ್ಸಲ ಹೇಳಮ್ಮ."

"ಏನು ಹೇಳಲಿ ತಾತ?"

"ಅಯ್ಯೋ ದೇವ್ರೇ. ನೀನು ನನ್ನ ಗಾಡಿ ಒಳಗಿರೋಳು!"

ಅವನ ಹೆಸರು ಯೆನ್. ಒಂದು ವರ್ಷದಿಂದ ದಿನವೂ ನನ್ನ ಜೊತೆ ಓಡಾಡುತ್ತಿದ್ದಾನಂತೆ, ನಮ್ಮ ಓಣಿಗೆ ಮಾತ್ರ ಈ ತಿಂಗಳಿಂದ. "ನನ್ನ ಹೆಂಡ್ತಿ ನಲವತ್ತು ವರ್ಷದಲ್ಲಿ ಇಷ್ಟು ಮಾತಾಡಿರಲಿಲ್ಲ" ಎಂದ. ಚಾಂಗ್‌ಹ್ವಾದಲ್ಲಿ ಸ್ಪೀಕರು ಮಾರುವ ಒಂದು ಅಂಗಡಿಯಲ್ಲಿ, ಸ್ಪೀಕರಿನ ಜೊತೆಗೆ ದನಿಯನ್ನೂ ಹಾಕಿಕೊಡುತ್ತಾರಂತೆ. ಆರು ದನಿ ಇವೆಯಂತೆ. ಅದರಲ್ಲಿ ನಾನು ನಾಲ್ಕನೇ ನಂಬರು. ನಾಲ್ಕು ಎಂದರೆ ಸಾವು ಎಂದಂತೆ ಕೇಳಿಸುತ್ತದೆ, ನಂಬರು ಅಪಶಕುನ, ಆದರೆ ದನಿ ಸ್ಪಷ್ಟ ಅಂತ ಎಲ್ಲರೂ ಅದನ್ನೇ ಕೇಳುತ್ತಾರಂತೆ.

ಎಷ್ಟು ಜನಕ್ಕೆ ಮಾರಿದೆ ನನ್ನನ್ನು?

ಪೇಯುನ್

---

ಸಾಂಚುಂಗ್
6 ಏಪ್ರಿಲ್ 2016

ಪೇಯುನ್,

ಹಿರಿಯರ ಸಮಾಧಿ ಗುಡಿಸಿ ಬಂದವನಿಗೆ ಮನೆ ಬಾಗಿಲಲ್ಲಿ ನಿನ್ನ ಕಾಗದ ಕಾದಿತ್ತು. ಒಳ್ಳೆ ಪ್ರಸಾದ.

ನಾನು ಯಾರಿಗೂ ಮಾರಿಲ್ಲ. ರಸ್ತೆಯಲ್ಲಿ ಹೋಗುವ ದನಿಗೆ ಬೀಗ ಹಾಕಲು ಬರುತ್ತದೆಯೇ? ಯಾವನೋ ಫೋನು ಹಿಡಿದು ನಿಂತು ರೆಕಾರ್ಡು ಮಾಡಿಕೊಂಡಿರಬೇಕು. ಈಗ ಎಲ್ಲರ ಕೈಯಲ್ಲೂ ಫೋನು ಇದೆ.

ಮುದುಕನಿಗೆ ಹೊಡೆಸಿದವರು ನೀವು. ಸೌಟು ನಿಮ್ಮದು. ಆ ತಪ್ಪನ್ನೂ ನನ್ನ ಕಾಗದದಲ್ಲಿ ಬರೆದು ಕಳಿಸಬೇಡ.

ಕುವೋಲುಂಗ್

---

ತೈನಾನ್
20 ಏಪ್ರಿಲ್ 2016

ಕುವೋಲುಂಗ್,

ಸುಳ್ಳು ಹೇಳುವುದಾದರೆ ನೋಡಿ ಹೇಳು.

ಯೆನ್ ತಾತನಿಗೆ ನಾವೇ ಹೊಸ ಸ್ಪೀಕರು ಹಾಕಿಸಿಕೊಟ್ಟೆವು. ಹಾಕುವಾಗ ಅವನ ಮೆಮರಿ ಕಾರ್ಡಿನಲ್ಲಿರುವುದನ್ನು ಮೊದಲಿನಿಂದ ಕೇಳಿದೆ. ಅದರಲ್ಲಿ ರಸ್ತೆಯ ಸದ್ದಿಲ್ಲ. ಸ್ಕೂಟರಿಲ್ಲ, ನಾಯಿಯಿಲ್ಲ. ನಮ್ಮ ಅಡುಗೆಮನೆಯ ಫ್ಯಾನಿದೆ. ಅದಕ್ಕಿಂತ ಮೊದಲು, ಓಣಿಯ ಗದ್ದಲದಲ್ಲಿ ನನಗೆ ಕೇಳಿಸದಿದ್ದ ನಿನ್ನ ದನಿ ಇದೆ. "ಹ್ಞೂ, ಹೇಳು" ಎನ್ನುತ್ತೀಯ. ನೀನು ನಿನ್ನ ಗಾಡಿಗೆ ಹಾಕುವಾಗ ಆ ತುಂಡು ಕತ್ತರಿಸಿದ್ದೆ. ಅಂಗಡಿಯವನಿಗೆ ಕೊಟ್ಟದ್ದು ಕತ್ತರಿಸದ್ದು. ಫೋನು ಹಿಡಿದವನಂತೆ! ನಿನ್ನ ಕೈಯಿಂದಲೇ ಹೋಗಿದೆ.

ತಾತ ಇಷ್ಟು ದಿನ ಅದನ್ನು ಹಾಗೇ ಹಾಕಿಕೊಂಡು ತಿರುಗಿದ್ದಾನೆ. ಈ ಊರಿನ ಓಣಿಯಲ್ಲೆಲ್ಲ ಮೊದಲು ನೀನು ಅಪ್ಪಣೆ ಕೊಡುತ್ತೀಯ, ಆಮೇಲೆ ನಾನು ಬಾಯಿ ಬಿಡುತ್ತೇನೆ. ಮತ್ತೆ ಅಪ್ಪಣೆ, ಮತ್ತೆ ನಾನು. ದಿನವಿಡೀ.

ಇಲ್ಲಿ ನನ್ನ ಕೆಲಸವೇನು ಎಂದು ನಿನಗೆ ಗೊತ್ತಿಲ್ಲ, ನೀನು ಕೇಳಲೂ ಇಲ್ಲ. ನಾನು ಕೂಗುವವಳು. ಬೆಳಿಗ್ಗೆ ಐದೂವರೆಯಿಂದ ಮುಂದೆ ನಿಂತು ಬಂದವರ ಆರ್ಡರನ್ನು ಒಲೆಯವರಿಗೆ ಕೂಗಿ ಹೇಳಬೇಕು. ಒಂದು ಕಡೆ ಸ್ಕೂಟರು, ಇನ್ನೊಂದು ಕಡೆ ಮಾಂಸ ಕೊಚ್ಚುವ ಹಲಗೆ, ಎದುರಿಗೆ ಗುಡಿಯ ತಮಟೆ. ಇಷ್ಟರ ಮೇಲೆ ನನ್ನ ದನಿ ಒಲೆಯವರೆಗೆ ಹೋಗಬೇಕು. ಬಂದ ಮೊದಲ ದಿನ "ಹೊಟ್ಟೆ ಭಾಗ ಎರಡು, ಮುಳ್ಳಿಲ್ಲದ್ದು ಒಂದು!" ಎಂದು ಕೂಗಿದಾಗ ಛಾಯ್ ದೊಡ್ಡಮ್ಮ, "ಅಬ್ಬಾ, ಈ ಗಂಟಲು ಎಲ್ಲಿತ್ತೇ ಇಷ್ಟು ದಿನ?" ಎಂದು ನಕ್ಕಿದ್ದಳು. ನನಗೆ ಆವತ್ತು ಎಷ್ಟು ಹಗುರವಾಗಿತ್ತೆಂದು ನಿನಗೆ ಹೇಳಿ ಪ್ರಯೋಜನವಿಲ್ಲ.

ಸ್ಪೀಕರು ಒಡೆದ ದಿನದಿಂದ ಇಡೀ ಓಣಿಗೆ ಗೊತ್ತಾಗಿಹೋಗಿದೆ. ನಾನು ಬಾಯಿ ತೆರೆದರೆ ಸಾಕು, ಸಾಲಿನಲ್ಲಿ ನಿಂತವರು ರಾಗ ತೆಗೆಯುತ್ತಾರೆ. "ಅಕ್ಕಾ, ಗಂಜಿ ಒಂದು, ಗಾಜು ಎರಡು!" ನಿನ್ನೆ ಒಬ್ಬ ನಿಜವಾಗಿಯೂ ಹರಿದ ಜಾಲರಿ ಹೊತ್ತು ತಂದು ಗಲ್ಲಾದ ಮೇಲಿಟ್ಟ. ಜನ ಹೊಟ್ಟೆ ಹಿಡಿದು ನಕ್ಕರು. ಈಗ ನಾನು ಬೆರಳು ತೋರಿಸುತ್ತೇನೆ, ಚೀಟಿ ಬರೆಯುತ್ತೇನೆ. ಒಲೆಯವರಿಗೆ ಹಬೆಯಲ್ಲಿ ಚೀಟಿ ಕಾಣುವುದಿಲ್ಲ. ದೊಡ್ಡಮ್ಮ ಮೊನ್ನೆ ಪಾತ್ರೆ ತೊಳೆಯುವಾಗ ನನ್ನ ಮುಖ ನೋಡದೆ ಹೇಳಿದಳು: "ಕೂಗದೇ ಇರೋಳನ್ನ ಮುಂದೆ ನಿಲ್ಲಿಸ್ಕೊಂಡು ನಾನೇನು ಮಾಡ್ಲಿ, ಮಗಳೇ? ಈ ತಿಂಗಳು ನೋಡ್ತೀನಿ."

ನನ್ನ ಗಂಟಲನ್ನು ನೀನು ಎರಡನೇ ಸಲ ಕಟ್ಟಿದೆ. ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ, ಯಾಕೆ ಕೊಟ್ಟೆ, ಬರೆ.

ಪೇಯುನ್

---

ಸಾಂಚುಂಗ್
8 ಮೇ 2016

ಪೇಯುನ್,

ಕೊಟ್ಟೆ. ಆಯಿತಾ? ನಾನೇ ಕೊಟ್ಟೆ.

ನೀನು ಬಸ್ಸು ಹತ್ತಿದ ಮೂರನೇ ದಿನ. ಬೆಳಿಗ್ಗೆ ಗಾಡಿ ಚಾಲೂ ಮಾಡಿದೆ, ನೀನು ಮಾತಾಡಲು ಶುರು ಮಾಡಿದೆ. ಏನೂ ಆಗದವಳ ಹಾಗೆ, ಅದೇ ಖುಷಿಯಲ್ಲಿ. ತಲೆ ಕೆಟ್ಟಿತು. ಒಂದೇ ಉಸಿರಿಗೆ ಚಾಂಗ್‌ಹ್ವಾಗೆ ಗಾಡಿ ಓಡಿಸಿದೆ. ಸ್ಪೀಕರಿನವನು, "ಇಷ್ಟು ಚೆನ್ನಾಗಿರೋ ದನಿ ಯಾಕಪ್ಪಾ ಕೊಡ್ತಿದ್ದೀಯ?" ಎಂದ. "ಊರೆಲ್ಲಾ ಕೇಳಲಿ" ಎಂದೆ. ಒಬ್ಬನ ಹೆಂಡತಿಯಾಗಿ ಇರಲು ನಿನಗೆ ಆಗಲಿಲ್ಲವಲ್ಲ, ಹಾಗಿದ್ದರೆ ಎಲ್ಲರ ಗಾಡಿಯಲ್ಲೂ ಇರಲಿ ಎಂದುಕೊಂಡೆ. ಕಾಸು ತಗೊಳ್ಳಲಿಲ್ಲ. ನನ್ನ ಗಾಡಿಯದನ್ನು ಮಾತ್ರ ಅಳಿಸಲೂ ಇಲ್ಲ. ಯಾಕೆ ಎಂದು ಕೇಳಬೇಡ.

ಇನ್ನೊಂದು ವಿಷಯ ಕೇಳು, ಕೇಳಿ ಖುಷಿಪಡು. ನಿನ್ನ ಕಾಗದ ಓದಿದ ಸಿಟ್ಟಿಗೆ, ಇವಳ ಹಂಗು ನನಗೆ ಯಾಕೆ ಎಂದು ನನ್ನದೇ ದನಿ ಹಾಕಿಕೊಂಡು ಹೊರಟೆ. ಅದೇ ಮಾತು, ಅದೇ ಸ್ಪೀಕರು, ಗುಂಡಿಯೂ ಅದೇ ಗೆರೆಯಲ್ಲಿ. ಮೊದಲ ದಿನ ಒಂದು ಕಿಟಕಿಯೂ ತೆರೆಯಲಿಲ್ಲ. ಎರಡನೇ ದಿನ ತೆರೆದವು, ಮುಚ್ಚಿಕೊಳ್ಳುವುದಕ್ಕೆ. ನಾಲ್ಕನೇ ದಿನ ಸದ್ದು ಅಳೆಯುವ ಯಂತ್ರ ಹಿಡಿದು ಇಲಾಖೆಯವನೊಬ್ಬ ಬಂದ.

"ಒಂಬತ್ತು ಜನ ಫೋನ್ ಮಾಡಿದಾರಪ್ಪ, ನಿನ್ನ ಮೇಲೆ."

"ಆರು ವರ್ಷದಿಂದ ಇಷ್ಟೇ ಜೋರು ಹಾಕ್ತಿದ್ದೀನಿ ಸಾರ್. ಯಂತ್ರ ನೋಡಿ."

ಅವನು ಹಳೆಯದನ್ನೂ ಹಾಕಿಸಿ ಅಳೆದ. ಮುಳ್ಳು ಅದೇ ಜಾಗದಲ್ಲಿ ನಿಂತಿತು. ತಲೆ ಕೆರೆದುಕೊಂಡ. "ಎರಡೂ ಒಂದೇ. ಆದ್ರೆ ಆ ಹೆಂಗಸು ಕೂಗಿದ್ರೆ ಯಾರೂ ಫೋನ್ ಮಾಡಲ್ಲ. ನಾನೇನು ಮಾಡ್ಲಿ? ಅವಳನ್ನೇ ಹಾಕ್ಕೋ."

ಚಿಯೆನ್ ಅಜ್ಜಿಯೇ ಎರಡು ಸಲ ಫೋನು ಮಾಡಿದ್ದಳಂತೆ. "ಯಾವನೋ ಗಂಡಸು ಮನೆ ಮುಂದೆ ಬೊಬ್ಬೆ ಹೊಡೀತಿದಾನೆ" ಎಂದು.

ಹಾಗಾಗಿ ಮತ್ತೆ ನಿನ್ನದನ್ನೇ ಹಾಕಿದ್ದೇನೆ. ಬೈದುಕೋ. ನೀನು ಸೌಟು ಕಳಿಸದೆ ಇದ್ದಿದ್ದರೆ ಓಣಿಯವರಿಗೆ ಗೊತ್ತಾಗುತ್ತಲೂ ಇರಲಿಲ್ಲ.

ಕುವೋಲುಂಗ್

---

ಸಾಂಚುಂಗ್
30 ಮೇ 2016

ಪೇಯುನ್,

ಮೂರು ವಾರವಾಯಿತು. ಉತ್ತರ ಇಲ್ಲ. ಕೆಲಸ ಹೋಯಿತಾ? ಹೋಗಿದ್ದರೆ ಹೇಳು. ಹೇಳದೆ ಇರುವುದು ನಿನ್ನ ಹಳೆಯ ಚಾಳಿ. ನಾನು ಸ್ಪೀಕರು ಜೋರು ಮಾಡುತ್ತಿದ್ದದ್ದು ಬರೆದೆಯಲ್ಲ, ಅದಕ್ಕೂ ಮೊದಲು ನೀನು ಎಷ್ಟು ದಿನ ಒಂದು ಮಾತೂ ಆಡದೆ ತಟ್ಟೆ ಇಟ್ಟು ಹೋಗುತ್ತಿದ್ದೆ, ಅದನ್ನು ಅಂಚೆಯವರ ಕಪಾಟಿಗೆ ಯಾಕೆ ಹಾಕಲಿಲ್ಲ? ಹದಿನೆಂಟು ದಿನ. ನಾನು ಎಣಿಸಿದ್ದೆ. ಮನೆಯಲ್ಲಿ ನಿನ್ನ ದನಿ ಕೇಳಬೇಕಾದರೆ ನನಗೆ ಆ ಗುಂಡಿ ಒಂದೇ ಇದ್ದದ್ದು.

ಇದನ್ನು ಬರೆಯಬಾರದಿತ್ತು. ಇಂಕಿನಲ್ಲಿ ಬರೆದಾಯಿತು.

ಕುವೋಲುಂಗ್

---

ತೈನಾನ್
17 ಜುಲೈ 2016

ಕುವೋಲುಂಗ್,

ಹದಿನೆಂಟು ದಿನ ನಾನು ಯಾಕೆ ಮಾತಾಡಲಿಲ್ಲ ಎಂದು ನೀನು ಆಗಲೂ ಕೇಳಲಿಲ್ಲ, ಈಗಲೂ ಕೇಳಿಲ್ಲ. ಎಣಿಸಿದೆ, ಅಷ್ಟೇ. ಹಾಗಾಗಿ ನಾನೂ ಹೇಳುವುದಿಲ್ಲ.

ಕೆಲಸ ಹೋಗಿಲ್ಲ. ಹೋಗುವುದರಲ್ಲಿತ್ತು.

ಒಂದು ದಿನ ಯೆನ್ ತಾತ ಗಂಜಿ ಕುಡಿಯಲು ಬಂದವನು, ಚೀಟಿ ಹಿಡಿದು ನಿಂತ ನನ್ನನ್ನು ನೋಡಿ, "ಬಾರಮ್ಮ, ಒಂದು ಮಧ್ಯಾಹ್ನ ನನ್ನ ಗಾಡಿ ಹತ್ತು. ನಿನ್ನ ದನಿ ಏನು ಮಾಡ್ತಿದೆ ಅಂತ ನೀನೇ ನೋಡು" ಎಂದ. ಹೋದೆ. ಗಾಡಿಯ ಒಳಗೆ ದನಿ ಸರಿಯಾಗಿ ಕೇಳಿಸುವುದೇ ಇಲ್ಲ, ಗೊತ್ತಾ ನಿನಗೆ? ಗೊತ್ತೇ ಇರುತ್ತದೆ, ನೀನು ಅಲ್ಲೇ ಕೂತವನು. ದನಿ ಮುಂದೆ ಹೋಗುತ್ತದೆ, ನಾವು ಹಿಂದೆ. ತಿರುವು ದಾಟಿದರೆ ಆಗಲೇ ಬಾಗಿಲಲ್ಲಿ ಜನ ನಿಂತಿರುತ್ತಾರೆ. ಒಬ್ಬಳು ಕೈತುಂಬಾ ಸೋಪಿನ ನೊರೆ ಹಾಗೇ ಇಟ್ಟುಕೊಂಡು ಬಂದಳು. ಇನ್ನೊಬ್ಬಳು ಮೂರು ತಿಂಗಳಿಂದ ಮನೆಯಿಂದ ಇಳಿದಿರಲಿಲ್ಲವಂತೆ, ಮಗ ಸತ್ತ ಮೇಲೆ. ಕಂಕುಳಲ್ಲಿ ಜಾಲರಿ ಇಟ್ಟುಕೊಂಡು ಇಳಿದಳು. ಪಕ್ಕದ ಮನೆಯವಳು ಅವಳನ್ನು ನೋಡಿ ಬಕೆಟ್ಟು ಕೆಳಗಿಟ್ಟಳು. ತಾತ ಜಾಲರಿ ಕಟ್ಟುವ ಅಷ್ಟೂ ಹೊತ್ತು ಅವರು ಮೂವರೂ ನೆರಳಲ್ಲಿ ನಿಂತು ಮಾತಾಡಿದರು. ನಾನು ಗಾಡಿಯಲ್ಲೇ ಇದ್ದೆ. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಆದರೆ ಕರೆದವಳು ನಾನು.

ಆ ಎಲ್ಲದರ ಮುಂದೆಯೂ ನಿನ್ನ "ಹ್ಞೂ, ಹೇಳು" ಇತ್ತು. ಅದನ್ನು ನನಗೆ ತಡೆಯಲಾಗಲಿಲ್ಲ.

ಆ ದನಿಯನ್ನು ಎಲ್ಲ ಗಾಡಿಯಿಂದ ಕೀಳಲು ಆಗುವುದಿಲ್ಲ. ಆದ್ದರಿಂದ ಹೊಸದು ಮಾಡಿದೆ. ಅಂಗಡಿ ಮುಚ್ಚಿದ ಮೇಲೆ, ಬೆಂಚು ಮೇಲೆತ್ತಿ, ಫ್ಯಾನು ನಿಲ್ಲಿಸಿ. ಯಾರೂ ಅಪ್ಪಣೆ ಕೊಡಲಿಲ್ಲ, ನಾನೇ ಶುರು ಮಾಡಿದೆ. "ನಾನು ತು ಪೇಯುನ್, ತೈನಾನಿನವಳು. ಜಾಲರಿ ಹರಿದಿದ್ರೆ, ಗಾಜು ಒಡೆದಿದ್ರೆ, ಕೆಳಗೆ ಬನ್ನಿ. ಅವಸರ ಇಲ್ಲ, ಗಾಡಿ ನಿಂತಿರತ್ತೆ." ಅಷ್ಟೇ. ಇಪ್ಪತ್ತೆಂಟು ವರ್ಷದ ದನಿ. ಸ್ವಲ್ಪ ದಪ್ಪ. ತಾತ ಕೇಳಿ, "ಇದು ಸುಳ್ಳು ಹೇಳಲ್ಲ" ಎಂದ. ಅವನ ಗೆಳೆಯರಿಗೆಲ್ಲ, ಚಾಂಗ್‌ಹ್ವಾದ ಸ್ಪೀಕರಿನವನಿಗೂ ಪುಕ್ಕಟೆ ಕೊಟ್ಟಿದ್ದೇನೆ. ಒಂದೇ ಷರತ್ತು: ಹೆಸರು ಕತ್ತರಿಸಬಾರದು.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಕೂಗಲು ನಿಂತೆ. ಸಾಲಿನಲ್ಲಿದ್ದ ಒಬ್ಬ, "ಅಕ್ಕಾ, ಗಾಜು ಹಾಕ್ತೀರಾ?" ಎಂದ. "ಹೌದು, ಅದು ನಾನೇ. ಜಾಲರಿ ಗಾಡಿ ಮೂರು ಗಂಟೆಗೆ. ಈಗ ಗಂಜಿ ಬೇಕೋ, ಜಾಗ ಬಿಡ್ತೀಯೋ?" ಎಂದೆ. ಹಿಂದಿದ್ದವರು ಅವನನ್ನು ನೋಡಿ ನಕ್ಕರು.

ನಿನಗೆ ಇದನ್ನೆಲ್ಲ ಬರೆದದ್ದು ರಾಜಿಗೆ ಅಲ್ಲ. ನಿನ್ನ ಹತ್ತಿರ ಇರುವುದು ಇನ್ನು ಹಳೆಯದು ಎಂದು ಗೊತ್ತಿರಲಿ ಎಂದು.

ತು ಪೇಯುನ್

---

ಸಾಂಚುಂಗ್
2 ಸೆಪ್ಟೆಂಬರ್ 2016

ಪೇಯುನ್,

ನಿನ್ನ ಹೊಸ ದನಿ ಸೇತುವೆ ದಾಟಿ ಬಂದಿದೆ. ತಾವೊಯುವಾನ್‌ನ ಒಬ್ಬ ಗಾಡಿಯವನು ಹೋದ ತಿಂಗಳಿಂದ ನನ್ನ ಓಣಿಗಳಿಗೆ ನುಗ್ಗುತ್ತಿದ್ದಾನೆ. ಮೊದಲ ದಿನ ನಾನು ಅವನ ಗಾಡಿಗೆ ಅಡ್ಡ ನಿಂತೆ. "ಇದು ನನ್ನ ಓಣಿ ಕಣೋ!" ಎಂದೆ. ಅವನು ಹಲ್ಲು ಬಿಟ್ಟು, "ಓಣಿ ನಿಂದಾ? ಪೇಯುನ್ ಅಕ್ಕಂದು" ಎಂದ. ಹೊಡೆಯಬೇಕೆನ್ನಿಸಿತು. ಅಷ್ಟರಲ್ಲಿ ಚಿಯೆನ್ ಅಜ್ಜಿ ಇಳಿದು ಬಂದಳು. ನನ್ನ ಗಾಡಿ ಮುಂದಿತ್ತು, ಅವನ ಗಾಡಿ ಹಿಂದಿತ್ತು. ಅಜ್ಜಿ ನನ್ನನ್ನು ದಾಟಿ ಅವನ ಹತ್ತಿರ ಹೋದಳು. ಆಮೇಲೆ ತಿರುಗಿ, "ಆ-ಲುಂಗ್, ನಿನ್ನ ಹೆಂಡ್ತಿ ಇವನ ಗಾಡೀಲಿ ಯಾಕಿದಾಳೆ?" ಎಂದು ಇಡೀ ಓಣಿಗೆ ಕೇಳುವಂತೆ ಕೇಳಿದಳು.

ಏನು ಹೇಳಬೇಕಿತ್ತು ನಾನು?

ಈಗ ಹಳೆಯದನ್ನು ಹಾಕಿದರೆ ಜನ ಕಿಟಕಿಯಿಂದ, "ಅದು ಹೆಸರಿಲ್ಲದ್ದು, ಬಿಡು" ಎನ್ನುತ್ತಾರೆ. ಹೋದ ವಾರ ಇಡೀ ದಿನಕ್ಕೆ ಎರಡು ಜಾಲರಿ.

ಎಲ್ಲ ಕತ್ತೆಗಳಿಗೂ ಕೊಟ್ಟಿದ್ದೀಯ. ನನಗೂ ಒಂದು ಕಳಿಸು. ಆ ದನಿಯನ್ನು ಮೊದಲು ರಸ್ತೆಗೆ ತಂದವನು ನಾನು, ಅಷ್ಟು ಹಕ್ಕು ನನಗಿದೆ. ಸ್ಪೀಕರಿನವನ ಹತ್ತಿರ ಹೋದೆ. "ನಿಂಗೆ ಕೊಡಬಾರ್ದು ಅಂತ ಹೇಳಿ ಕಳಿಸಿದಾರೆ" ಎಂದ. ಎಷ್ಟು ಸೊಕ್ಕು ನಿನಗೆ!

ಕುವೋಲುಂಗ್

---

ತೈನಾನ್
9 ಸೆಪ್ಟೆಂಬರ್ 2016

ಕುವೋಲುಂಗ್,

ಕೊಡುತ್ತೇನೆ. ಅಂಚೆಯಲ್ಲಿ ಅಲ್ಲ.

ನೀನು ಇಲ್ಲಿಗೆ ಬರಬೇಕು. ಬೆಳಿಗ್ಗೆ ಎಂಟಕ್ಕೆ, ಸಾಲು ಉದ್ದ ಇರುವಾಗ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ನಿನ್ನ ಸರದಿ ಬಂದಾಗ ನಿನ್ನ ಬಾಯಿಂದ ಕೇಳಬೇಕು. "ನಾನು ನಿನ್ನ ದನಿಯನ್ನು ನಿನ್ನ ಕೇಳದೆ ಕೊಟ್ಟೆ. ಈಗ ಕೇಳುತ್ತಿದ್ದೇನೆ." ಇಷ್ಟು. ಜೋರಾಗಿ. ನನಗೆ ಕೇಳಿಸಿದರೆ ಸಾಲದು, ಒಲೆಯವರಿಗೂ ಕೇಳಿಸಬೇಕು.

ಪೇಯುನ್

---

ಸಾಂಚುಂಗ್
3 ಅಕ್ಟೋಬರ್ 2016

ಪೇಯುನ್,

ನನಗೆ ಬಿಡುವಿಲ್ಲ. ಮೂರು ವಾರದಿಂದ ಕೈತುಂಬ ಕೆಲಸ. ಮಳೆ ಗಾಳಿಗೆ ಊರಿನ ಅರ್ಧ ಗಾಜು ಒಡೆದಿವೆ, ಗಾಡಿ ಬಿಟ್ಟು ಕದಲಿಲ್ಲ. ತೈನಾನ್‌ಗೆ ಬರಲು ನನಗೆ ತಲೆ ಕೆಟ್ಟಿಲ್ಲ. ನಿನ್ನ ಗಂಜಿ ಅಂಗಡಿಯ ಮುಂದೆ ನಾಟಕ ಆಡಲು ನಾನು ಕೂಲಿ ಕಲಾವಿದನಲ್ಲ. ನಿನ್ನ ದನಿ ನೀನೇ ಇಟ್ಟುಕೋ.

ಇನ್ನು ಮುಂದೆ ಕಾಗದ ಬರೆಯಬೇಡ.

ಕುವೋಲುಂಗ್

---

ತೈನಾನ್
10 ಅಕ್ಟೋಬರ್ 2016

ಕುವೋಲುಂಗ್,

ಇದೇ ಕೊನೆಯದು. ಉತ್ತರ ಬೇಡ.

ಸೆಪ್ಟೆಂಬರ್ ಇಪ್ಪತ್ತನಾಲ್ಕು, ಶನಿವಾರ, ಎಂಟಕ್ಕೆ ಹತ್ತು ನಿಮಿಷವಿತ್ತು. ನೀನು ರಸ್ತೆಯ ಆಚೆ, ಗಡಿಯಾರದ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದೆ. ಹೆಲ್ಮೆಟ್ಟು ತೆಗೆದಿರಲಿಲ್ಲ. ತೆಗೆಯದಿದ್ದರೂ ಎರಡು ಕಾಲೂ ಒಂದೇ ಕಡೆ ಊರಿ ನಿಲ್ಲಲು ಬಾರದವನನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಆ-ಕುನ್ ಕೂಡ ನೋಡಿದ. "ಅವನೇನಾ? ಹೋಗ್ಲಾ?" ಎಂದು ಸೌಟು ತೆಗೆದ. "ಒಲೆ ನೋಡ್ಕೋ" ಎಂದೆ.

ನೀನು ಎರಡು ಸಲ ರಸ್ತೆಗೆ ಇಳಿದೆ, ಎರಡು ಸಲವೂ ಹಿಂದೆ ಸರಿದೆ. ನಿನ್ನನ್ನು ನೋಡಿದರೆ ನಾನು ಕೂಗುವುದನ್ನು ನಿಲ್ಲಿಸುತ್ತೇನೆ, ಆಗ ದಾಟೋಣ ಎಂದು ನೀನು ಕಾಯುತ್ತಿದ್ದೆ, ಅಲ್ಲವೇ? ಸಾಲಿನಲ್ಲಿದ್ದ ಹೆಂಗಸು, "ಹೊಟ್ಟೆ ಭಾಗ ಮೂರು, ಶುಂಠಿ ಜಾಸ್ತಿ" ಎಂದಳು. ಕೂಗಿದೆ. ಅದರ ಹಿಂದೆ ಕಾಲೇಜಿನ ಹುಡುಗರದು, ಏಳು ಬಟ್ಟಲು, ಏಳೂ ಬೇರೆ ಬೇರೆ. ಒಂದೂ ತಪ್ಪದೆ ಕೂಗಿದೆ. ದನಿ ಒಂದು ಕೂದಲಷ್ಟೂ ತಗ್ಗಿಸಲಿಲ್ಲ. ರಸ್ತೆಯ ಆಚೆಗೂ ಕೇಳಿಸಿರಬೇಕು.

ಅದಾದ ಮೇಲೆ ಒಬ್ಬ ಮುದುಕ, ಅವನಿಗೆ ಕಿವಿ ಮಂದ, ಎರಡು ಸಲ ಹೇಳಬೇಕಾಯಿತು. ನೀನು ಯಾವಾಗ ಹೋದೆಯೋ ನನಗೆ ಗೊತ್ತಿಲ್ಲ. ನಾನು ಕೆಲಸದಲ್ಲಿದ್ದೆ.

ತು ಪೇಯುನ್